ರೈಲಿಗೆ ಮುಂಚಿನ ಗೋಲು

"ಮೇಷ್ಟ್ರೇ, ನಿಮಗೆ ಕಣ್ಣು ಸರಿಯಾಗಿ ಕಾಣ್ತದಾ?"

ಸೈಕಲ್ ಶಾಪಿನ ಜೊತೆಗೆ ಊರಿನ ತಂಡವನ್ನೂ ನೋಡಿಕೊಳ್ಳುತ್ತಿದ್ದ ಗುತ್ಯಪ್ಪ ಶಿವಮೊಗ್ಗದಿಂದ ಬಂದ ಪೇಪರನ್ನು ಉಮಾಪತಿ ಮೇಷ್ಟ್ರ ಮೂಗಿಗೇ ಹಿಡಿದ. ಹಿಂದಿನ ಸಂಜೆ ಸಾಗರದ ಫುಟ್‌ಬಾಲ್ ತಂಡ ಹೊಸನಗರದವರನ್ನು ಮೂರು-ಒಂದರಿಂದ ಸೋಲಿಸಿತ್ತು. ಪೇಪರಿನಲ್ಲಿ ಮಾತ್ರ 'ಹೊಸನಗರಕ್ಕೆ ಒಂದು ಗೋಲಿನ ಜಯ'. ವರದಿ ಕಳಿಸಿದವರು ಊರಿನ ಬಾತ್ಮೀದಾರರಾದ ಇದೇ ಮೇಷ್ಟ್ರು. ಆ ವರ್ಷ ಹೀಗಾದದ್ದು ಇದು ನಾಲ್ಕನೇ ಸಲ.

"ನನ್ನ ತಪ್ಪೇನಿದೆ ಮಾರಾಯ? ಆಟ ನಾಲ್ಕೂವರೆಗೆ, ತಾಳಗುಪ್ಪದ ರೈಲು ಐದೂವರೆಗೆ. ಅದರ ಟಪಾಲು ಡಬ್ಬಿಗೆ ಲಕೋಟೆ ಬೀಳದಿದ್ರೆ ನಾಳೆ ಪೇಪರಲ್ಲಿ ಸುದ್ದಿಯೇ ಇಲ್ಲ. ಅರ್ಧ ಆಟ ನೋಡಿ, 'ಈ ವರದಿ ಕಳಿಸುವ ಹೊತ್ತಿಗೆ' ಅಂತ ಬರೆದೇ ಹಾಕ್ತೀನಿ. ಜಾಗ ಸಾಲದು ಅಂತ ಅಲ್ಲಿಯವರು ಅದನ್ನೇ ಹೊಡೆದು ಹಾಕ್ತಾರೆ. ನಿಮ್ಮ ಹುಡುಗರಿಗೋ, ಮಧ್ಯಾಹ್ನದ ಊಟ ಅರಗೋ ತನಕ ಕಾಲೇ ಏಳಲ್ಲ!"

ಅದೂ ನಿಜವೇ. ಸಾಗರದ ಗೋಲುಗಳೆಲ್ಲ ರೈಲು ಹೋದ ಮೇಲೆಯೇ ಬೀಳುತ್ತಿದ್ದವು.

ಊರಿನವರಿಗೆ ಇದು ಬರೀ ಸಿಟ್ಟಿನ ವಿಷಯ. ಗುತ್ಯಪ್ಪನಿಗೆ ತಂಗಿಯ ಮಾನದ ಪ್ರಶ್ನೆ. ಜಲಜಮ್ಮನನ್ನು ಕೊಟ್ಟಿದ್ದು ತೀರ್ಥಹಳ್ಳಿಗೆ. ಗಂಡ ಬೆಳ್ಳಪ್ಪ ಅಲ್ಲಿನ ತಂಡದ ಕಾರ್ಯದರ್ಶಿ. ಊಟಕ್ಕೆ ಕೂತಾಗ ಸಾಗರ ಸೋತ ಸುದ್ದಿಯನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವುದೇ ಅವನಿಗೆ ಉಪ್ಪಿನಕಾಯಿ. ಗೆದ್ದದ್ದು ನಾವು ಎಂದು ಗುತ್ಯಪ್ಪ ಎಷ್ಟು ಆಣೆ ಇಟ್ಟರೂ ಅವನದು ಒಂದೇ ಮಾತು: "ಅಚ್ಚಾಗಿದ್ದು ಸುಳ್ಳಾಗ್ತದಾ ಬಾವ? ಪೇಪರಲ್ಲಿ ಬಂದ್ಮೇಲೆ ಮುಗೀತು." ಜಲಜಮ್ಮ ಕಾಗದ ಬರೆದಿದ್ದಳು: 'ಒಂದೇ ಒಂದು ಸಲ ಪೇಪರಲ್ಲಿ ಗೆದ್ದು ತೋರಿಸಣ್ಣ.'

ಮರುತಿಂಗಳು ಕಪ್ಪಿನ ಕೊನೆಯ ಪಂದ್ಯ ಸಾಗರದಲ್ಲೇ ಬಿತ್ತು, ಅದೂ ತೀರ್ಥಹಳ್ಳಿಯ ಮೇಲೆ. ಆ ದಿನ ಗುತ್ಯಪ್ಪ ಹನ್ನೊಂದು ಜನಕ್ಕೂ ಊಟ ಬಿಡಿಸಿದ. ತಲೆಗೆ ಎರಡು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ, ಅಷ್ಟೇ. "ಏನ್ ಮಾಡೋದಿದ್ರೂ ರೈಲಿಗೆ ಮುಂಚೆ ಮಾಡ್ರಪ್ಪಾ" ಎಂದು ಕೈ ಮುಗಿದ.

ಹುಡುಗರು ಮೈಮೇಲೆ ದೇವರು ಬಂದವರಂತೆ ಆಡಿದರು. ಅರ್ಧ ಆಟಕ್ಕೆ ಸಾಗರ ಮೂರು, ತೀರ್ಥಹಳ್ಳಿ ಸೊನ್ನೆ. ಗುತ್ಯಪ್ಪನೇ ಮೇಷ್ಟ್ರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ತುಳಿದ. ಲಕೋಟೆ ಡಬ್ಬಿಯೊಳಗೆ ಬಿದ್ದದ್ದನ್ನು ಕಣ್ಣಾರೆ ಕಂಡು ಹಾಡಿಕೊಳ್ಳುತ್ತ ಮರಳಿದ. ಮೈದಾನದಲ್ಲಿ ಬರಿಹೊಟ್ಟೆಯ ಹನ್ನೊಂದು ಜನ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು. ತೀರ್ಥಹಳ್ಳಿಯವರು ಆಗಷ್ಟೇ ನಾಲ್ಕನೇ ಗೋಲು ಹೊಡೆದಿದ್ದರು.

ಭಾನುವಾರ ಗುತ್ಯಪ್ಪ ಮುಖ ಸಣ್ಣದು ಮಾಡಿಕೊಂಡು ತಂಗಿಯ ಮನೆಗೆ ಹೋದ. ಬೆಳ್ಳಪ್ಪ ಕಾದೇ ಇದ್ದ. ಗೆದ್ದ ಕಪ್ಪನ್ನು ಪಂಚೆಯ ತುದಿಯಿಂದ ಉಜ್ಜಿ ಬಾವನ ಮುಂದಿಟ್ಟ. "ನಾಲ್ಕು-ಮೂರು! ಈಗೇನಂತೀರಿ ಬಾವ?"

ಅಷ್ಟರಲ್ಲಿ ಜಲಜಮ್ಮ ಒಳಗಿನಿಂದ ಪೇಪರ್ ಹಿಡಿದು ಬಂದಳು. ಗಂಡ ಓದುವ ಧಾಟಿಯಲ್ಲೇ ಗಟ್ಟಿಯಾಗಿ ಓದಿದಳು: "ಸಾಗರಕ್ಕೆ ಮೂರು ಗೋಲುಗಳ ಭರ್ಜರಿ ಜಯ."

"ಅದು ಸುಳ್ಳು ಕಣೇ! ನಾನೇ ಅಲ್ಲಿದ್ನಲ್ಲ!"

"ಅಚ್ಚಾಗಿದ್ದು ಸುಳ್ಳಾಗ್ತದಾ?"

ಜಲಜಮ್ಮ ಅದೇ ಪೇಪರಿನಲ್ಲಿ ಕಪ್ಪನ್ನು ನೀಟಾಗಿ ಸುತ್ತಿ ಅಣ್ಣನ ಕೈಚೀಲಕ್ಕೆ ಇಳಿಸಿದಳು.

"ನಿಮ್ಮೂರಿನ ಸಾಮಾನು, ತಪ್ಪಿ ಇಲ್ಲಿಗೆ ಬಂದಿತ್ತು. ತಗೊಂಡ್ ಹೋಗಣ್ಣ."