ಕರಡಿಗೆಯಲ್ಲಿ ಹಿಡಿಯುವಷ್ಟು

“ಇದರೊಳಗ ಕೂಡಬೇಕು. ಮುಚ್ಚಳ ಹಾಕಿದ್ರ ಮಂದಿಗೆ ಕಾಣಬಾರ್ದು.”

ಶಂಕ್ರಪ್ಪ ಗಾಜಿನ ಮೇಜಿನ ಮೇಲೆ ಬೆಳ್ಳಿಯ ಕರಡಿಗೆ ಇಟ್ಟ. ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಕರಡಿಗೆ. ಶಿವದಾರ ಅದಕ್ಕೆ ಸುತ್ತಿಕೊಂಡೇ ಇತ್ತು. ಒಳಗೆ ಬರಿದು.

ಗುಡಗೇರಿ ಸ್ಟೇಶನ್ ರಸ್ತೆಯ ಆ ಮೊಬೈಲ್ ಅಂಗಡಿ ಮುಮತಾಜಳದು. ಅವಳು ಕರಡಿಗೆ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನ ಸ್ವಂತದ ಕರಡಿಗೆ ಅಂಗಿಯೊಳಗೆ ಉಬ್ಬಿ ಕಾಣುತ್ತಿತ್ತು.

“ಹಂಗಾರ ಇದು ಯಾರದ್ರಿ, ಕಾಕಾ?”

“ನನ್ನ ಮಗಳು ನಂದಾಂದು.”

ಅವನು ಕಿಸೆಯಿಂದ ಒಂದು ಫೋನು ತೆಗೆದ. ಗಾಜು ಜೇಡರ ಬಲೆಯಂತೆ ಒಡೆದಿತ್ತು. ಬಿರುಕುಗಳಲ್ಲಿ ಕರಿಮಣ್ಣು ಕೂತು ಒಣಗಿತ್ತು. ಚಾರ್ಜಿಗೆ ಹಚ್ಚಿದರೆ ಜೀವ, ತೆಗೆದರೆ ಇಲ್ಲ.

“ಇದರಾಗ ಆಕಿ ಓದಿದ್ದೆಲ್ಲಾ ಐತಿ. ಇದು ಪೂರಾ ಬಂದ್ ಆಗೂದ್ರಾಗ ತಗೀಬೇಕವ್ವ. ಸಣ್ಣ ಹಾಡಿನ ಡಬ್ಬಿ ಇರ್ತಾವಲ್ಲ, ಅದರಾಗ ತುಂಬಿಕೊಡು.”

ಮುಮತಾಜ್ ಕೇಬಲ್ ಚುಚ್ಚಿ ಮೊದಲನೆಯ ರೆಕಾರ್ಡಿಂಗ್ ಒತ್ತಿದಳು. ಒಂದು ಹುಡುಗಿಯ ದನಿ ಸ್ಪಷ್ಟವಾಗಿ, ನಿಧಾನವಾಗಿ ಬಂತು. “ಪ್ರಶ್ನೆ: ಹತ್ತಿ ಬೆಳೆಗೆ ಕಪ್ಪುಮಣ್ಣು ಏಕೆ ಸೂಕ್ತ? ಉತ್ತರ: ಅದು ತೇವವನ್ನು ಬಹಳ ಕಾಲ ಹಿಡಿದಿಡುತ್ತದೆ…”

ಅವಳ ಕೈ ನಿಂತಿತು. ನಾಳೆ ಸರಕಾರಿ ನೌಕರಿಯ ಪರೀಕ್ಷೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಬೆಂಡೋಲೆ ಬಿಚ್ಚಿಸುತ್ತಾರೆ, ಚಪ್ಪಲಿ ಝಾಡಿಸಿ ನೋಡುತ್ತಾರೆ.

“ಭಾಳ ಶಾಣ್ಯಾರಿದ್ದೀರಿ ಕಾಕಾ. ಕೊರಳಾಗಿನ ಕರಡಿಗಿಗೆ ಯಾರ್ ಕೈ ಹಚ್ತಾರ?”

“ಯಾರೂ ಹಚ್ಚೂದಿಲ್ಲವ್ವ,” ಅಂದ ಶಂಕ್ರಪ್ಪ.

“ಪರೀಕ್ಷಾ ನಾಳೆನ ಅಲ್ರಿ?”

“ನಾಳೆನ. ನಂಬರ ಧಾರವಾಡಕ್ಕ ಬಿದ್ದಿತ್ತು.”

“ನಮ್ಮ ತಂಗಿ ಫರಹತ್‌ನೂ ಬರೀತಾಳ. ಆಕಿ ಏನೂ ಕಟಗೊಂಡು ಹೊಂಟಿಲ್ಲ. ಎಲ್ಲಾ ತಲಿಯಾಗ ಇಟಗೊಂಡು ಹೊಂಟಾಳ.”

“ಪಾಸಾಗ್ಲಿ ಆ ಕೂಸು.” ಅವನ ಕಣ್ಣು ತುಂಬಿತು. “ಶಿವ ಆಕಿನ್ನ ಕಾಯ್ಲಿ.”

ಮುಮತಾಜಳಿಗೆ ಮೈಯೆಲ್ಲ ಉರಿಯಿತು. ದೇವರ ಹೆಸರೂ ಬೇಕು, ಇಂಥ ನಕಲಿನ ಕೆಲಸವೂ ಬೇಕು. ಹೊರಗೆ ಅಟ್ಟಿದರೆ ಹುಬ್ಬಳ್ಳಿಗೆ ಹೋಗಿ ತುಂಬಿಸುತ್ತಾನೆ. ಕೂಡಿಸಿಕೊಂಡೇ ಇರುವುದು, ಕೆಲಸ ಮುಗಿಯುವುದರೊಳಗೆ ಪೊಲೀಸರಿಗೆ ಹೇಳುವುದು. ಹಾಗಂದುಕೊಂಡು ಎರಡು ಡಬ್ಬಿ ತೆಗೆದಿಟ್ಟಳು.

“ಇದು ಹೆಬ್ಬಟ್ಟಿನಷ್ಟು. ನಾಕು ಜಿಬಿ ಅಷ್ಟ. ನಿಮ್ಮ ಮಗಳ ಪಾಠ ಅರ್ಧಾನೂ ಹಿಡಿಯೂದಿಲ್ಲ. ಇನ್ನೊಂದಕ್ಕ ಕಾರ್ಡ್ ಹಾಕಿದ್ರ ಎಲ್ಲಾ ಹಿಡೀತೈತಿ. ಖರೆ, ಕಡ್ಡಿಪೆಟ್ಟಿಗಿಯಷ್ಟು ದೊಡ್ಡದು.”

ಶಂಕ್ರಪ್ಪ ದೊಡ್ಡದನ್ನೇ ಎತ್ತಿಕೊಂಡ. ಕರಡಿಗೆಯಲ್ಲಿ ನೆಟ್ಟಗೆ ಇಟ್ಟ, ಅಡ್ಡ ಇಟ್ಟ, ಓರೆ ಮಾಡಿ ಒತ್ತಿದ. ಮುಚ್ಚಳ ಕೂಡಲಿಲ್ಲ. ಇನ್ನೂ ಒತ್ತಿದ. ಬೆಳ್ಳಿಯ ಅಂಚು ಬಾಗಿತು.

“ಇದರ ಮೂಲಿ ಅರದು ಸಣ್ಣ ಮಾಡಾಕ ಬರೂದಿಲ್ಲೇನು?”

“ಅದೇನು ಮನಿ ಬಾಗಲೇನ್ರಿ, ಬಡಿಗ್ಯಾರ ಹತರಿ ಹೊಡ್ಯಾಕ? ಕಿಸೇದಾಗ ಇಟಗೊಂಡ್ರ ಆತು.”

“ಕಿಸೆ ಬ್ಯಾಡ. ಎದಿ ಮ್ಯಾಲ ಇರಬೇಕು.”

“ಹಂಗಾರ ಫೈಲ್ ಹಿಂಡಿ ಸಣ್ಣದ್ರಾಗ ತುಂಬ್ತೀನಿ. ದನಿ ಸ್ವಲ್ಪ ಒಡೀತೈತಿ.”

“ಒಡೀಬಾರ್ದು!” ಅವನು ಹೆಚ್ಚುಕಡಿಮೆ ಚೀರಿದ. “ಇದ್ದಂಗ ಇರಬೇಕು.”

ಆಗಲೇ ಫೋನು ಕಪ್ಪಾಯಿತು.

ಶಂಕ್ರಪ್ಪ ಎರಡೂ ಕೈಯಿಂದ ಮೇಜು ಹಿಡಿದು ನಿಂತ; ತುಟಿ ಮಾತ್ರ ಪಂಚಾಕ್ಷರಿ ಜಪಿಸುತ್ತಿತ್ತು. ಮುಮತಾಜ್ ಫೋನಿನ ಗುಂಡಿ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬಹಳ ಹೊತ್ತಿನ ಮೇಲೆ ಬಿರುಕಿನ ಹಿಂದೆ ಬೆಳಕು ಮೂಡಿತು. ಪೊಲೀಸರಿಗೆ ಹೇಳುವ ಮಾತು ಅವಳ ತಲೆಯಿಂದ ಜಾರಿಹೋಗಿತ್ತು. ಸತ್ತ ಫೋನಿನ ಮುಂದೆ ಇಷ್ಟು ಅಂಜಿದವರನ್ನು ಅವಳು ಈ ಅಂಗಡಿಯಲ್ಲಿ ಕಂಡಿರಲಿಲ್ಲ.

“ಇನ್ನೊಮ್ಮೆ ಹೋದ್ರ ಬರೂದು ಗ್ಯಾರಂಟಿ ಇಲ್ರಿ. ಯಾವುದು ಬೇಕು, ಲಗೂ ಹೇಳ್ರಿ.”

ಪರದೆಯ ಮೇಲೆ ಪಾಠಗಳ ಸಾಲು. ಉದ್ದುದ್ದ ಪಾಠಗಳ ನಡುವೆ ತುಂಡುತುಂಡಾದವೂ ಇದ್ದವು. ಹುಡುಗಿ ಓದುತ್ತಾ ತಪ್ಪಿ ನಿಲ್ಲಿಸಿದವು. ಮುಮತಾಜ್ ಒಂದನ್ನು ಒತ್ತಿದಳು.

“ಪ್ರಶ್ನೆ: ಗ್ರಾಮ ಪಂಚಾಯಿತಿಯ… ಯವ್ವಾ, ಕುಕ್ಕರ್ ಒದರಾಕತ್ತೈತಿ, ನೋಡಬೇ! ಅಪ್ಪಗ ಹೇಳಬ್ಯಾಡ, ಆಂವ ಆರಿಸಾಕ ಹೋಗಿ ಗ್ಯಾಸ್ ದೊಡ್ಡದು ಮಾಡ್ತಾನ…” ಆಮೇಲೆ ನಗು. ನಗುತ್ತಲೇ ಕೆಮ್ಮು. ಅಲ್ಲಿಗೆ ಮುಗಿಯಿತು.

“ಇಂಥಾ ಕೆಟ್ಟವು ಭಾಳ ಅದಾವ್ರಿ ಕಾಕಾ. ಇವನ್ನ ಬಿಟ್ರ ಪಾಠಕ್ಕ ಜಾಗ ಆಕ್ಕೈತಿ.”

ಶಂಕ್ರಪ್ಪ ಅವಳ ಮುಂದೆ ಕೈ ಜೋಡಿಸಿದ.

“ಪಾಠ ಹೋಗ್ಲಿ, ಯವ್ವಾ. ಮೊದ್ಲ ಕೆಟ್ಟವು ತುಂಬು. ನಕ್ಕಿದ್ದು, ಕೆಮ್ಮಿದ್ದು, ನನಗ ಬೈದದ್ದು ಒಂದೂ ಬಿಡಬ್ಯಾಡ. ಸಣ್ಣ ಡಬ್ಬಿನ ಸಾಕು.”

ಮುಮತಾಜ್ ತುಂಡುಗಳನ್ನೆಲ್ಲ ಆರಿಸಿ ಸಣ್ಣ ಡಬ್ಬಿಗೆ ತುಂಬಲು ಹಚ್ಚಿದಳು. ಕಂಪ್ಯೂಟರಿನ ಮೇಲೆ ಹಸಿರು ಪಟ್ಟಿ ಇಂಚಿಂಚಾಗಿ ತುಂಬುತ್ತಿತ್ತು.

“ಉತ್ತರ ಎಲ್ಲಾ ಇಲ್ಲೇ ಬಿಟ್ಟು, ಬರೇ ನಗೂದು ಕೆಮ್ಮೂದು ಕೇಳ್ಕೋತ ನಿಮ್ಮ ಮಗಳು ನಾಳೆ ಏನ್ ಬರೀತಾಳ್ರಿ?”

“ಆಕಿ ಎಲ್ಲಿ ಬರೀತಾಳವ್ವ,” ಅಂದ ಶಂಕ್ರಪ್ಪ, “ಹೋದ ಸೋಮವಾರ ಲಿಂಗಾನ ಆಕಿ ಅಂಗೈಯಾಗ ಇಟ್ಟು ಮಣ್ಣಿಗೆ ಕೊಟ್ಟು ಬಂದೀವಿ, ನನಗಂತ ಉಳದದ್ದು ಈ ಕರಡಿಗಿ ಒಂದ.”