ಅಜ್ಜಿಯ ದನಿ ಯಾರ ಬಳಿ?

ಪರದೆಯ ಮೇಲೆ ಮತ್ತೆ ಕೆಂಪಕ್ಷರ. ಹುಡುಕಾಟ ವಿಫಲ.

ಮನೆಗೆ ಬಂದಿದ್ದ ಕಂಪ್ಯೂಟರ್ ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿದ. ಪಕ್ಕದಲ್ಲಿ ಕುರ್ಚಿಯ ತುದಿಗೆ ಕೂತಿದ್ದ ಗುಬ್ಬಿ ಉಗುರು ಕಚ್ಚುತ್ತಿದ್ದಳು.

"ಒಂದು ಸಿನಿಮಾಗೋಸ್ಕರ ಇಷ್ಟು ಒದ್ದಾಟ ಯಾಕೆ ಮೇಡಂ? ಹೆಸರು ಹೇಳಿ, ಪೆನ್‌ಡ್ರೈವಲ್ಲಿ ತಂದುಕೊಡ್ತೀನಿ."

"ಸಿನಿಮಾ ಅಲ್ಲ. ನಮ್ಮಣ್ಣ ಬದುಕಿದಾನಾ ಅಂತ ನೋಡಬೇಕು."

ಅವನ ಕೈ ಮೌಸಿನ ಮೇಲೆ ನಿಂತುಬಿಟ್ಟಿತು.

ಗುಬ್ಬಿ ಹೇಳಿದಳು. ಅಜ್ಜಿ ಹಾಸಿಗೆ ಹಿಡಿದಾಗ ಅಣ್ಣ ಅವಳ ಕಥೆಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದ. ಲೋಕವೆಲ್ಲ ಕೇಳಲಿ ಎಂದು, ಜನ ತಮ್ಮ ಕಂಪ್ಯೂಟರಿನಿಂದಲೇ ಒಬ್ಬರಿಗೊಬ್ಬರು ಫೈಲ್ ಹಂಚುವ ಟೊರೆಂಟ್ ಜಾಲಕ್ಕೆ ಹಾಕಿದ್ದ. ಲೋಕ ತಿರುಗಿಯೂ ನೋಡಲಿಲ್ಲ. ಅಜ್ಜಿಗೆ ತಾನೊಬ್ಬನೇ ಗಿರಾಕಿ ಎಂದು ಅವನು ನಗುತ್ತಿದ್ದ. ಗುಬ್ಬಿಯ ಬಳಿಯಿದ್ದ ಒಂದು ಕಾಪಿ ಅವಳ ಹಳೆಯ ಹಾರ್ಡ್ ಡಿಸ್ಕಿನ ಜೊತೆಗೇ ಸತ್ತಿತ್ತು. ಈಗ ಆ ದನಿ ಉಳಿದಿರುವುದು ಅಣ್ಣನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದು ಚಾಲೂ ಇದ್ದರೆ, ಫೈಲಿನ ಎದುರು ಹಂಚುವವರು: ಒಂದು ಎಂದು ತೋರಿಸುತ್ತದೆ. ಇಲ್ಲದಿದ್ದರೆ ಸೊನ್ನೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಅಣ್ಣ ಮನೆ ಬಿಟ್ಟಿದ್ದ. ಗುಬ್ಬಿ ಕೆಲಸಕ್ಕೆ ಹೋಗಿದ್ದ ದಿನ. ಬ್ಯಾಗು, ಲ್ಯಾಪ್‌ಟಾಪು ಹೆಗಲಿಗೇರಿಸಿ ಮುನಿಸಿಕೊಂಡು ಹೊರಟವನನ್ನು ಗೇಟಿನ ತನಕ ಹೋಗಿ ತಡೆದರೂ ನಿಲ್ಲಲಿಲ್ಲ ಎಂದು ಅತ್ತಿಗೆ ಕಣ್ಣೊರೆಸಿಕೊಂಡಿದ್ದಳು. ಆಮೇಲೆ ಅವನ ಫೋನು ಸ್ವಿಚ್ ಆಫ್. ಆಗಾಗ ಅವನ ಆನ್‌ಲೈನ್ ಖಾತೆಯಿಂದ ಒಂದು ಮೆಸೇಜು ಮಾತ್ರ: ಚೆನ್ನಾಗಿದ್ದೇನೆ, ಹುಡುಕಬೇಡ. ಪೊಲೀಸರಿಗೆ ಅಷ್ಟು ಸಾಕಾಯಿತು. ಬೆಳೆದ ಗಂಡಸು, ಕೋಪ ಇಳಿದ ಮೇಲೆ ಬರುತ್ತಾನೆ ಎಂದು ಕೈತೊಳೆದುಕೊಂಡರು. ಮನೆಯಲ್ಲಿ ಈಗ ಕೆಳಗೆ ಗುಬ್ಬಿ, ಮಹಡಿಯಲ್ಲಿ ಅತ್ತಿಗೆ, ಇಬ್ಬರೇ.

"ಮೆಸೇಜ್ ಬರ್ತಿದೆಯಲ್ಲ ಮೇಡಂ?"

"ಪಾಸ್‌ವರ್ಡ್ ಕದ್ದವರು ಯಾರು ಬೇಕಾದ್ರೂ ಕಳಿಸಬಹುದು. ಆದರೆ ಕದ್ದವನು ನಮ್ಮಜ್ಜಿ ಕಥೆ ಕಾಯ್ಕೊಂಡು ಕೂತಿರ್ತಾನಾ? ಅದನ್ನ ಕಾಯೋನು ಅಣ್ಣ ಒಬ್ಬನೇ."

ರಿಪೇರಿಯವನು ಒಪ್ಪಿ ತಲೆಯಾಡಿಸಿದ. ಕುರ್ಚಿಯನ್ನು ಮುಂದೆಳೆದುಕೊಂಡ.

ಅಣ್ಣ ಫೈಲನ್ನು ಯಾವ ಸೈಟಿಗೆ ಹಾಕಿದ್ದ ಎಂಬುದೇ ಗುಬ್ಬಿಗೆ ಗೊತ್ತಿರಲಿಲ್ಲ. ಅದಕ್ಕೇ ಸರ್ಚ್ ಪ್ಲಗಿನ್ ಬೇಕಿತ್ತು. ಒಂದೊಂದು ಪ್ಲಗಿನ್ನೂ ಒಂದೊಂದು ಸೈಟಿಗೆ ಹೋಗಿ ವಿಚಾರಿಸಿಕೊಂಡು ಬರುವ ಆಳಿದ್ದಂತೆ. ಮೊದಲು ಕಂಪ್ಯೂಟರಿನಲ್ಲಿದ್ದ ಪೈಥಾನ್ ಎಂಬ ತಂತ್ರಾಂಶ ಹಳೆಯದಾಗಿದೆ ಎಂದು ಗೊತ್ತಾಯಿತು. ಪ್ಲಗಿನ್‌ಗಳು ಓಡುವುದೇ ಅದರ ಮೇಲೆ. ಹೊಸದನ್ನು ಹಾಕಿದ. ಆದರೂ ಕೆಂಪಕ್ಷರ.

"ಸೈಟು ಮನೆ ಬದಲಾಯಿಸಿದೆ. ನಮ್ಮ ಆಳು ಹಳೇ ಮನೆ ಬಾಗಿಲು ತಟ್ತಾ ನಿಂತಿದಾನೆ."

ಹಳೆಯ ಪ್ಲಗಿನ್ ಕಿತ್ತುಹಾಕಿ, ಹೊಸ ಫೈಲು ಇಳಿಸಿಕೊಂಡು ಕೂರಿಸತೊಡಗಿದ. ಅಷ್ಟರಲ್ಲಿ ಅತ್ತಿಗೆ ಚಹಾ ತಂದಳು. ಏನು ನಡೆದಿದೆ ಎಂದು ಕೇಳಿದಳು. ಕಂಪ್ಯೂಟರಿನ ಮಾತೆತ್ತಿದರೆ ಅತ್ತಿಗೆಗೆ ತಲೆನೋವು. ಹಾಗಾಗಿ ಗುಬ್ಬಿ ಒಳವಿವರಕ್ಕೆ ಹೋಗದೆ, ಮೆಸೇಜು ಬರೆಯುತ್ತಿರುವುದು ಅಣ್ಣನೇ ಹೌದೋ ಅಲ್ಲವೋ ನೋಡುತ್ತಿದ್ದೇವೆ ಎಂದಷ್ಟೇ ಹೇಳಿದಳು.

"ಪ್ರೀತಿಯ ತಂಗಿ ಅಂತ ಬರೀತಾನೆ ಅತ್ತಿಗೆ. ಅವನು ಯಾವತ್ತಾದರೂ ನನ್ನ ತಂಗಿ ಅಂತ ಕರೆದಿದಾನಾ? ಗುಬ್ಬಿ ಅಂತಲೇ ಅಲ್ವಾ?"

ಅತ್ತಿಗೆ ಅವಳ ತಲೆ ನೇವರಿಸಿದಳು. "ಮನಸ್ಸು ಕೆಟ್ಟಾಗ ಜನ ಹೇಗೆ ಬರೀತಾರೋ ಏನೋ. ನೀನು ಸುಮ್ಮನೆ ಕೊರಗಬೇಡ ಕಣೇ."

ಸ್ವಲ್ಪ ಮಲಗುತ್ತೇನೆ ಎಂದು ಮಹಡಿ ಹತ್ತಿದಳು.

ಪ್ಲಗಿನ್‌ಗೆ ಟಿಕ್ ಹಾಕಿ, ತಂತ್ರಾಂಶವನ್ನು ಮುಚ್ಚಿ ತೆರೆದು, ರಿಪೇರಿಯವನು ಅಜ್ಜಿಯ ಹೆಸರು ಒತ್ತಿದ. ಈ ಸಲ ಕೆಂಪಕ್ಷರ ಬರಲಿಲ್ಲ. ಒಂದೇ ಒಂದು ಸಾಲು ಬಂತು. ಅಜ್ಜಿಯ ಕಥೆಗಳು. ಹಂಚುವವರು: ಸೊನ್ನೆ.

ಗುಬ್ಬಿ ಮುಖ ಮುಚ್ಚಿಕೊಂಡಳು.

ತಡೆಯಿರಿ ಎಂದ ಅವನು. ಲ್ಯಾಪ್‌ಟಾಪು ಈಗ ಆಫ್ ಇರಬಹುದು, ಚಹಾ ಮುಗಿಸಿ ಇನ್ನೊಮ್ಮೆ ನೋಡೋಣ. ಅವಳ ಲೋಟದಲ್ಲಿ ಚಹಾ ಕೆನೆಗಟ್ಟಿತು. ಅವನು ಮತ್ತೆ ಹುಡುಕಿದ.

ಹಂಚುವವರು: ಒಂದು.

ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಅಣ್ಣನ ಪ್ರಾಣ ಆ ಒಂದರೊಳಗೆ ಮಿಡಿಯುತ್ತಿದೆ ಅನ್ನಿಸಿತು ಗುಬ್ಬಿಗೆ. ಅಷ್ಟರಲ್ಲೇ ಅವಳ ಫೋನು ಟಿಂಗ್ ಎಂದಿತು.

'ಗುಬ್ಬಿ, ಚೆನ್ನಾಗಿದ್ದೇನೆ. ತುಂಬಾ ದೂರ ಇದ್ದೇನೆ. ಹುಡುಕಬೇಡ.'

ಗುಬ್ಬಿ ಎಂದೇ ಬರೆದಿದ್ದ. ಅವಳು ಅಳುತ್ತಲೇ ನಕ್ಕಳು. ಅತ್ತಿಗೆಯನ್ನು ಕೂಗಲು ಎದ್ದವಳನ್ನು ರಿಪೇರಿಯವನು ಕೂರಿಸಿದ. ಅಣ್ಣ ಲ್ಯಾಪ್‌ಟಾಪು ಮುಚ್ಚುವ ಮೊದಲೇ ಫೈಲು ಇಳಿಸಿಕೊಳ್ಳೋಣ, ಆಮೇಲೆ ಅಜ್ಜಿಯ ದನಿ ನಿಮ್ಮದು ಎಂದ. ದೊಡ್ಡ ಫೈಲು, ಈ ಮನೆಯ ನೆಟ್ಟು ಬಡಕಲು, ಸಂಜೆಯಾದರೂ ಆದೀತು ಎಂದೂ ಎಚ್ಚರಿಸಿ ಬಟನ್ ಒತ್ತಿದ.

ಅವನು ಲೋಟ ಕೆಳಗಿಡುವಷ್ಟರಲ್ಲಿ ಇಳಿದು ಮುಗಿದಿತ್ತು.

ಗುಬ್ಬಿ ಫೈಲು ತೆರೆದಳು. ಅಜ್ಜಿ ಕೆಮ್ಮಿದಳು, ನೀರು ಕೇಳಿದಳು, ಎಲ್ಲಿಗೆ ನಿಲ್ಲಿಸಿದ್ದೆ ಎಂದಳು. ಹಿಂದಿನಿಂದ ಅಣ್ಣನ ನಗು.

ರಿಪೇರಿಯವನು ಮಾತ್ರ ನಗಲಿಲ್ಲ. ಕಳಿಸಿದ ಯಂತ್ರದ ವಿಳಾಸ ತೋರಿಸುವ ಪಟ್ಟಿಯನ್ನು ತೆರೆದ. ನೋಡಿದ. ಒಮ್ಮೆ ಮೂಲೆಯಲ್ಲಿ ಮಿನುಗುತ್ತಿದ್ದ ವೈಫೈ ಪೆಟ್ಟಿಗೆಯ ಕಡೆ ನೋಡಿದ. ಅಜ್ಜಿಯ ದನಿ ಜೋರು ಮಾಡಿ, ಅದರ ಮರೆಯಲ್ಲಿ ಪಿಸುಗುಟ್ಟಿದ.

"ಮೇಡಂ, ಇದು ಹೊರಗಿನ ವಿಳಾಸ ಅಲ್ಲ. ನಿಮ್ಮ ವೈಫೈ ಕೊಟ್ಟಿರೋದು. ಆ ಲ್ಯಾಪ್‌ಟಾಪ್ ಈಗ ಈ ಮನೆಯಲ್ಲೇ ಆನ್ ಆಗಿದೆ."

ಮಹಡಿಯಿಂದ ಅತ್ತಿಗೆಯ ದನಿ ಮೃದುವಾಗಿ ಇಳಿದುಬಂತು: "ನಿಮ್ಮಣ್ಣನ ಮೆಸೇಜ್ ಬಂತೇನೇ?"