ಹೆಂಡತಿಯ ಹೆಸರು

ಮದುವೆಯ ದಿನ ದೇವದುರ್ಗದಲ್ಲಿ, ಹೆಣ್ಣಿನ ಮನೆಯ ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರಿಗೆ ಯಲ್ಲಾಲಿಂಗ ಮಾತು ಕೊಟ್ಟಿದ್ದ: ಹೆಂಡತಿಯ ಹೆಸರು ಕುಬಸದ ದಿನ ಹೇಳುತ್ತೇನೆ, ಈಗ ಒಳಗೆ ಬಿಡಿ. ಬಾಯಿ ಬಿಟ್ಟು ಹೇಳಿರಲಿಲ್ಲ. ಬಾಯಿ ತುಂಬ ಗುಟ್ಕಾ ಇತ್ತು. ಗದ್ದ ಮೇಲೆತ್ತಿ, ಹೊಟ್ಟೆಯ ಮುಂದೆ ಕೈ ಗುಂಡಗೆ ಆಡಿಸಿ, ಆಗ ಎಂದು ಸನ್ನೆ ಮಾಡಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. "ಪಾಪ, ನಾಚಿಕಿ ಸ್ವಭಾವ" ಎಂದು ಅತ್ತೆ ಬಂಡೆಮ್ಮ ದಾರಿ ಬಿಡಿಸಿದ್ದಳು.

ಈಗ ಹಿರೇಕೊಟ್ನೆಕಲ್ಲಿನ ಅವನ ಮನೆಯಲ್ಲಿ ಕುಬಸ. ಬಸುರಿ ಹೆಂಡತಿ ಶಶಿಕಲಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಯಲ್ಲಾಲಿಂಗ, ಗದ್ದಕ್ಕೆ ಟವೆಲ್ ಸುತ್ತಿಕೊಂಡು. ಅವಳಿಗೆ ಮೂರು ತಿಂಗಳಾಗಿದ್ದಾಗ ರಾಯಚೂರಿನಲ್ಲಿ ಅವನ ಅರ್ಧ ನಾಲಿಗೆ ತೆಗೆದಿದ್ದರು. ಕ್ಯಾನ್ಸರ್. ವಯಸ್ಸು ಇಪ್ಪತ್ತಾರು.

ಉಡಿ ತುಂಬಿದ್ದಾಯಿತು. ಹೆಸರು ಹೇಳು ಎಂದಾಗ ಶಶಿಕಲಾ ತಲೆ ತಗ್ಗಿಸದೆ ಒಡಪು ಹೇಳಿದಳು: "ಹೊಲಕ್ಕ ನೀರು ಚಂದ, ಕಣಕ್ಕ ರಾಶಿ ಚಂದ, ಯಲ್ಲಾಲಿಂಗ ಇದ್ರ ಮನಿ ಚಂದ."

"ಇನ್ನ ಗಂಡನ ಪಾಳಿ…" ಎಂದ ಯಲ್ಲಾಲಿಂಗನ ಸೋದರತ್ತೆ ಶೇಖಮ್ಮ ಅಲ್ಲಿಗೇ ನಿಂತಳು.

"ಬ್ಯಾಡ ಬಿಡ್ರಿ, ಆರತಿ ಎತ್ರಿ" ಎಂದಳು ಬಂಡೆಮ್ಮ.

"ಯಾಕ ಬ್ಯಾಡ ಯವ್ವಾ? ದಿನಾ ಹಿತ್ತಲದಾಗ ಎಮ್ಮಿ ಮುಂದ ನಿಂತು ಹೇಳಿ ಹೇಳಿ ನೋಡಾಕತ್ತಾರ. ನಾ ಕೇಳೀನಿ" ಎಂದಳು ಶಶಿಕಲಾ.

"ಎಮ್ಮಿ ಮುಂದ ಇಲ್ಲದ ನಾಚಿಕಿ ನಮ್ಮ ಮುಂದ ಯಾಕೋ ಅಳಿಯಾ?" ಶೇಖಮ್ಮ ನಗಲು ನೋಡಿದಳು. ನಗು ಬರಲಿಲ್ಲ.

ಯಲ್ಲಾಲಿಂಗ ಟವೆಲ್ ಬಿಚ್ಚಿದ. ಹೊಲಿಗೆಯ ಗುರುತು ಕಿವಿಯಿಂದ ಗಂಟಲವರೆಗೆ ಇಳಿದಿತ್ತು. ಕಣ್ಣು ಮುಚ್ಚಿ, ಕೊರಳಿನ ನರ ಉಬ್ಬಿಸಿ ಹೇಳಿದ. ಒದ್ದೆ ಗಾಳಿಯಂಥದೇನೋ ಬಂತು. ಅದರಲ್ಲಿ ಶ ಇರಲಿಲ್ಲ, ಲ ಇರಲಿಲ್ಲ. ಗದ್ದದ ಮೇಲೆ ಇಳಿದ ಜೊಲ್ಲನ್ನು ಶಶಿಕಲಾ ಹೊಸ ಸೀರೆಯ ಸೆರಗಿನಿಂದ ಒರೆಸಿದಳು.

ಗಂಡ ಎಷ್ಟು ಜೋರಾಗಿ ಹೇಳಿದರೂ, "ಕೇಳಿಸಲಿಲ್ಲ, ಇನ್ನೊಮ್ಮಿ ಹೇಳು" ಎಂದು ಹೆಂಗಸರು ಕಾಡುವುದು ಈ ಕಡೆಯ ರೂಢಿ. ಅಂದು ಯಾರೂ ಇನ್ನೊಮ್ಮೆ ಎನ್ನಲಿಲ್ಲ. ಯಲ್ಲಾಲಿಂಗ ಮಾತು ಉಳಿಸಿಕೊಂಡಿದ್ದ.